ಶ್ರುತಿ ತಪ್ಪಿದ್ದು ಬೆರಳೋ, ವಾದ್ಯವೋ

ಪುಟ್ಟ ತಮಟೆಯೊಂದಕ್ಕೆ ಕುತ್ತಿಗೆ ಹಚ್ಚಿ ನಾಲ್ಕು ತಂತಿ ಬಿಗಿದರೆ ಹೇಗಿರುತ್ತದೋ, ಬ್ಯಾಂಜೊ ಯುಕುಲೆಲೆ ಹಾಗಿರುತ್ತದೆ. ಸುಮಾರು ಎಂಟು ಅಂಗುಲ ಅಡ್ಡಗಲದ ಬಳೆ, ಅದರ ಮೇಲೆ ಬಿಗಿದ ತೊಗಲು ಅಥವಾ ಪ್ಲಾಸ್ಟಿಕ್ ಹಾಳೆ, ಸುತ್ತಲೂ ಅದನ್ನು ಜಗ್ಗಿ ಹಿಡಿಯುವ ಕೊಕ್ಕೆಗಳು, ಗಿಡ್ಡ ಕುತ್ತಿಗೆ. ತೊಗಲಿನ ಮೇಲೆ ಮರದ ಕುದುರೆಯೊಂದು ನಿಂತಿರುತ್ತದೆ. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೊಂದೇ ಅದನ್ನು ನಿಲ್ಲಿಸಿರುತ್ತದೆ. ಮೀಟಿದರೆ ತಂತಿಯ ನಡುಕ ಕುದುರೆಯ ಕಾಲುಗಳಿಂದ ತೊಗಲಿಗೆ ಇಳಿಯುತ್ತದೆ, ನಾದ ಚಟ್ಟನೆ ಸಿಡಿದು ಅಷ್ಟೇ ಬೇಗ ಅಡಗುತ್ತದೆ.

ಇಂಥದ್ದೊಂದನ್ನು ಕಡಿಮೆ ದುಡ್ಡಿಗೆ ಕೊಳ್ಳಲು ಹೊರಟವರು ಅಂಗಡಿಯವರನ್ನು, ಗೆಳೆಯರನ್ನು ಕೇಳುವುದು ಒಂದೇ ಮಾತು: “ಈ ಬೆಲೆಗೆ ಇದು ಒಳ್ಳೆಯದೇ?” ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ಕೇಳುವ ಮಾತು ಅದು. ಆದರೆ ವಾದ್ಯದ ವಿಷಯಕ್ಕೆ ಬಂದಾಗ ಅದೇ ಮಾತು ಬೇರೆ ಕಡೆ ಎಳೆದೊಯ್ಯುತ್ತದೆ. ಒಳ್ಳೆಯತನ ವಸ್ತುವಿನಲ್ಲಿದೆಯೋ, ನುಡಿಸುವ ಕೈಯಲ್ಲೋ, ಕೇಳುವ ಕಿವಿಯಲ್ಲೋ? ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಹೇಳಲು ಯಾರಿಗೆ ಅರ್ಹತೆಯಿದೆ? ಆ ಅರ್ಹತೆ ಇನ್ನೂ ಬಾರದವರು ಏನು ಮಾಡಬೇಕು?

ಈ ವಾದ್ಯ ಎರಡು ವಂಶಗಳ ಕೂಸು. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದ ಕೂಲಿಕಾರರನ್ನು ಹೊತ್ತು ಹೊನೊಲುಲು ಮುಟ್ಟಿತು. ಅವರು ತಂದ ‘ಮಶೆಟ್’ ಎಂಬ ಪುಟ್ಟ ತಂತಿವಾದ್ಯವೇ ಹವಾಯಿಯಲ್ಲಿ ಯುಕುಲೆಲೆ ಆಯಿತು. ಅದೇ ಹಡಗಿನಲ್ಲಿ ಬಂದಿದ್ದ ಮಾನುಯೆಲ್ ನುನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರು ಅದನ್ನು ಮಾಡಿ ಮಾರತೊಡಗಿದರು. ದೊರೆ ಕಲಾಕಾವ ಅದಕ್ಕೆ ಅರಮನೆಯಲ್ಲಿ ಜಾಗ ಕೊಟ್ಟ. ಬ್ಯಾಂಜೊದ ಕಥೆ ಇಷ್ಟು ಹಗುರಾದದ್ದಲ್ಲ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಸೋರೆ ಬುರುಡೆಗೆ ತೊಗಲು ಹೊದಿಸಿ ತಂತಿ ಕಟ್ಟುವ ವಿದ್ಯೆಯನ್ನು ನೆನಪಿನಲ್ಲಿ ಹೊತ್ತು ಕೆರಿಬಿಯನ್ ದ್ವೀಪಗಳಿಗೂ ಅಮೆರಿಕಕ್ಕೂ ಬಂದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಈ ಎರಡು ವಂಶಗಳು ಕೂಡಿದವು. ಮೈಕು ಇಲ್ಲದ ರಂಗಮಂದಿರದಲ್ಲಿ ಮರದ ಯುಕುಲೆಲೆ ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ತೊಗಲು ಹೊದಿಸಿದ್ದು ಕೇಳಿಸಿತು. ಹವಾಯಿ ಮೂಲದ ಆಲ್ವಿನ್ ಕೀಚ್ ಇದನ್ನು ‘ಬ್ಯಾಂಜುಲೆಲೆ’ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಮಾರಿದ. ಲ್ಯಾಂಕಶರ್‌ನ ಜಾರ್ಜ್ ಫಾರ್ಮ್‌ಬಿ 1930ರ ದಶಕದ ಸಿನಿಮಾಗಳಲ್ಲಿ ನುಡಿಸಿ ಇಂಗ್ಲೆಂಡಿನ ಮನೆಮನೆಗೂ ಅದನ್ನು ಮುಟ್ಟಿಸಿದ. ಅದರ ದನಿ ಎಷ್ಟು ಜೋರು ಎಂಬುದಕ್ಕೆ ಪಿ.ಜಿ. ವುಡ್‌ಹೌಸ್ 1934ರಲ್ಲಿ ಪ್ರಕಟಿಸಿದ ‘ಥ್ಯಾಂಕ್ ಯು, ಜೀವ್ಸ್’ ಕಾದಂಬರಿ ಸಾಕ್ಷಿ: ಯಜಮಾನನ ಬ್ಯಾಂಜೊಲೆಲೆ ಅಭ್ಯಾಸ ತಡೆಯಲಾರದೆ ನೆರೆಯವರು ದೂರುತ್ತಾರೆ, ನಿಷ್ಠಾವಂತ ಸೇವಕ ಜೀವ್ಸ್ ಕೆಲಸವನ್ನೇ ಬಿಡುತ್ತಾನೆ.

ಇನ್ನು ಆರಂಭದ ಪ್ರಶ್ನೆಗಳಿಗೆ ಬರಬಹುದು. ಹೇಳುವ ಅರ್ಹತೆ ಯಾರಿಗೆ? ಪ್ಲೇಟೊ ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಇದಕ್ಕೆ ಕೊಟ್ಟ ಉತ್ತರ ಖಚಿತವಾಗಿದೆ. ಔಲೋಸ್ ಎಂಬ ವಾದ್ಯವಿತ್ತು. ಶಹನಾಯಿಯಂತೆ ಪೀಪಿ ಹಚ್ಚಿ ಊದುವ ಜೋಡಿ ನಳಿಗೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ನಿಜವಾಗಿ ಬಲ್ಲವನು ಊದುವವನು. ಮಾಡುವವನು ಅವನ ಮಾತನ್ನು ನಂಬಿ ಮಾಡುತ್ತಾನೆ, ಅವನಿಗಿರುವುದು ಸರಿಯಾದ ನಂಬಿಕೆ ಮಾತ್ರ. ಅದರ ಚಿತ್ರ ಬರೆಯುವವನಿಗೆ ಅದೂ ಇಲ್ಲ. ಬಳಸುವವನೇ ಬಲ್ಲ ಎಂಬ ಈ ಮಾತು ನಿತ್ಯದ ಅನುಭವಕ್ಕೂ ಒಗ್ಗುತ್ತದೆ. ಕುಡುಗೋಲಿನ ಹದ ಕೊಯ್ಯುವವರಿಗೆ ಗೊತ್ತು, ದೋಸೆಕಲ್ಲಿನ ಹದ ದೋಸೆ ಹುಯ್ಯುವವರಿಗೆ ಗೊತ್ತು.

ಆದರೆ ಅಗ್ಗದ ವಾದ್ಯ ಕೊಳ್ಳುವವರಲ್ಲಿ ಬಹಳ ಮಂದಿ ಇನ್ನೂ ಬಳಸುವವರಾಗಿರುವುದಿಲ್ಲ. ಅವರು ಕಲಿಯಲು ಹೊರಟವರು. ಆರಿಸುವ ಜ್ಞಾನ ಬರಬೇಕಾದರೆ ನುಡಿಸಿರಬೇಕು, ನುಡಿಸಬೇಕಾದರೆ ಮೊದಲು ಒಂದನ್ನು ಆರಿಸಿರಬೇಕು. ಪ್ಲೇಟೊನ ‘ಮೆನೊ’ ಸಂವಾದದಲ್ಲಿ ಮೆನೊ ಸಾಕ್ರೆಟೀಸನನ್ನು ಸಿಕ್ಕಿಸಿದ್ದು ಇದೇ ಬಲೆಯಲ್ಲಿ: ಯಾವುದು ಏನೆಂದು ಗೊತ್ತೇ ಇಲ್ಲವೋ ಅದನ್ನು ಹುಡುಕುವುದು ಹೇಗೆ? ಕಣ್ಣೆದುರು ಬಂದರೂ ಇದೇ ಅದು ಎಂದು ಗುರುತಿಸುವುದು ಹೇಗೆ?

ಈ ಬಲೆಯಿಂದ ಆಗುವ ನೋವು ಸಣ್ಣದಲ್ಲ. ಯುಕುಲೆಲೆ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಸಿ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಒಂದು ಗುಂಪು. ಒಂದೇ ಬೆರಳು, ಕೊನೆಯ ತಂತಿ, ಮೂರನೆಯ ಮೆಟ್ಟು. ನಾಲ್ಕೂ ತಂತಿ ಮೀಟಿದರೆ ಹಿತವಾಗಿ ಕೇಳುತ್ತದೆ, ಮುಖ ಅರಳುತ್ತದೆ. ಆಮೇಲೆ ಎಫ್ ಕಾರ್ಡ್: ಒಂದು ಬೆರಳು ಎರಡನೆಯ ಮೆಟ್ಟಿನ ಮೇಲೆ, ಇನ್ನೊಂದು ಬೆರಳು ಇ ತಂತಿಯ ಮೊದಲ ಮೆಟ್ಟಿನ ಮೇಲೆ. ಈಗ ಏನೋ ಕಿವಿಗೆ ಚುಚ್ಚುತ್ತದೆ. ಬೆರಳನ್ನು ಸರಿಸಿ ನೋಡುತ್ತಾರೆ, ಇನ್ನೂ ಬಲವಾಗಿ ಒತ್ತುತ್ತಾರೆ, ಚುಚ್ಚುವುದು ಹೆಚ್ಚುತ್ತದೆ. ಹತ್ತು ದಿನ ಹೀಗೇ ನಡೆದರೆ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ: ನನಗೆ ಸಂಗೀತದ ಕಿವಿಯಿಲ್ಲ, ನನ್ನ ಬೆರಳು ಮೊಂಡು.

ನಿಜವಾಗಿ ಅಲ್ಲಿ ಆಗಿರುವುದು ಬೇರೆ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಬರುವ ಪುಟ್ಟ ಪಟ್ಟಿಯೊಂದಿದೆ, ಅದನ್ನು ನಟ್ ಎನ್ನುತ್ತಾರೆ. ಅಗ್ಗದ ವಾದ್ಯಗಳಲ್ಲಿ ಅದರಲ್ಲಿ ತಂತಿ ಕೂರುವ ತೋಡುಗಳನ್ನು ಸಾಕಷ್ಟು ಆಳಕ್ಕೆ ಅರದಿಂದ ಉಜ್ಜಿರುವುದಿಲ್ಲ. ಉಜ್ಜಲು ಒಂದೊಂದಕ್ಕೂ ನುರಿತ ಕೈಯ ಕೆಲವು ನಿಮಿಷ ಬೇಕು, ಆ ನಿಮಿಷಗಳಿಗೆ ಕೂಲಿ ಕೊಟ್ಟರೆ ಬೆಲೆ ಏರುತ್ತದೆ. ತಂತಿ ಎತ್ತರದಲ್ಲಿ ನಿಂತಾಗ ಮೊದಲ ಮೆಟ್ಟಿಗೆ ಒತ್ತಲು ಅದನ್ನು ಹೆಚ್ಚು ಬಗ್ಗಿಸಬೇಕಾಗುತ್ತದೆ, ಬಗ್ಗಿದ ತಂತಿ ಬಿಗಿಯುತ್ತದೆ, ಬಿಗಿದ ತಂತಿಯ ಸ್ವರ ಏರುತ್ತದೆ. ಮೂರನೆಯ ಮೆಟ್ಟಿನಲ್ಲಿ ಈ ತಪ್ಪು ಅಷ್ಟು ಕಾಣುವುದಿಲ್ಲ, ಮೊದಲನೆಯದರಲ್ಲಿ ಎದ್ದು ಕಾಣುತ್ತದೆ. ಸಿ ಚೆನ್ನಾಗಿದ್ದು ಎಫ್ ಕೆಟ್ಟದ್ದು ಅದಕ್ಕೇ. ಬಲವಾಗಿ ಒತ್ತಿದಷ್ಟೂ ಕೆಟ್ಟದ್ದೂ ಅದಕ್ಕೇ.

ಕೆಟ್ಟ ವಾದ್ಯ ಮಾಡುವ ಅನ್ಯಾಯ ಇಲ್ಲಿದೆ. ಕೊಡೆ ಸೋರಿದರೆ ಕೊಡೆಯನ್ನು ಬೈಯುತ್ತೇವೆ, ಚಪ್ಪಲಿ ಕಚ್ಚಿದರೆ ಚಪ್ಪಲಿಯನ್ನು. ವಾದ್ಯ ಕೆಟ್ಟರೆ ಮಾತ್ರ ಕಲಿಯುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ತನ್ನ ತಪ್ಪನ್ನು ಇನ್ನೊಬ್ಬರ ಬೆರಳಿನ ಮೇಲೆ ಹೊರಿಸುವ ವಸ್ತು ಅದು. ಸುಳ್ಳು ಹೇಳುವ ಗುರುವಿಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಗುಣ ಅಳೆಯಲು ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಬಿಡಿಭಾಗಗಳನ್ನು ಎಣಿಸುವುದು. ಬಳೆ ಮೇಪಲ್ ಮರದ್ದೇ? ಕೊಕ್ಕೆ ಹದಿನಾರೋ, ಇಪ್ಪತ್ನಾಲ್ಕೋ? ಬಿರಡೆಗೆ ಹಲ್ಲುಚಕ್ರವಿದೆಯೇ? ಹಿಂಬದಿಗೆ ರೆಸೊನೇಟರ್ ತಟ್ಟೆ ಇದೆಯೇ? ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಬುದ್ಧ ಹೇಳುವ ಒಂದು ದೃಷ್ಟಾಂತ ಈ ಪಟ್ಟಿಯನ್ನು ಕಂಡಾಗಲೆಲ್ಲ ನೆನಪಾಗಬೇಕು. ಹಿಂದೆಂದೂ ವೀಣೆ ಕೇಳದ ರಾಜನೊಬ್ಬ ಅದರ ನಾದ ಕೇಳಿ ಮರುಳಾಗುತ್ತಾನೆ. ಇದೇನೆಂದು ಕೇಳಿದಾಗ ಸುತ್ತಲಿದ್ದವರು ವೀಣೆ ಎನ್ನುತ್ತಾರೆ, ತಂದು ಮುಂದಿಡುತ್ತಾರೆ. ವೀಣೆ ಬೇಡ, ನನಗೆ ಆ ನಾದವನ್ನಷ್ಟೇ ತಂದುಕೊಡಿ ಎಂದು ಹಟ ಹಿಡಿಯುತ್ತಾನೆ. ಬುರುಡೆ, ತೊಗಲು, ದಂಡಿ, ತಂತಿ, ಮೀಟುಕಡ್ಡಿ, ಇವೆಲ್ಲದರ ಜೊತೆಗೆ ಮನುಷ್ಯನ ತಕ್ಕ ಪ್ರಯತ್ನ ಕೂಡಿದಾಗ ನಾದ ಬರುತ್ತದೆ ಎಂದು ಅವರು ವಿವರಿಸುತ್ತಾರೆ. ರಾಜ ಅದನ್ನು ನೂರು ತುಂಡು ಮಾಡುತ್ತಾನೆ, ಸೀಳುತ್ತಾನೆ, ಸುಡುತ್ತಾನೆ, ಬೂದಿಯನ್ನು ತೂರುತ್ತಾನೆ. ನಾದ ಸಿಗುವುದಿಲ್ಲ. ವೀಣೆ ಎಂಬುದು ಕೆಲಸಕ್ಕೆ ಬಾರದ ವಸ್ತು ಎಂದುಬಿಡುತ್ತಾನೆ.

ಬುದ್ಧ ಆ ಕಥೆ ಹೇಳಿದ್ದು ದೇಹ ಮನಸ್ಸುಗಳನ್ನು ಎಷ್ಟು ಬಿಡಿಸಿ ಹುಡುಕಿದರೂ ‘ನಾನು’ ಸಿಗುವುದಿಲ್ಲ ಎಂದು ತೋರಿಸಲು. ಆದರೆ ಆ ಪಟ್ಟಿಯ ಕೊನೆಯಲ್ಲಿ ಮರ ತೊಗಲುಗಳ ಸಾಲಿನಲ್ಲೇ ‘ಮನುಷ್ಯನ ತಕ್ಕ ಪ್ರಯತ್ನ’ವೂ ಒಂದು ಬಿಡಿಭಾಗವೆಂಬಂತೆ ಸೇರಿಕೊಂಡಿರುವುದನ್ನು ಗಮನಿಸಬೇಕು. ಅಂಗಡಿಯ ಚೀಟಿಯಲ್ಲಿ ಬರೆದಿರದ ಭಾಗ ಅದೊಂದೇ.

ಆ ಪ್ರಯತ್ನ ಯಾರದು ಎಂಬುದನ್ನು ಬ್ಯಾಂಜೊ ಯುಕುಲೆಲೆ ಬೇರೆ ವಾದ್ಯಗಳಿಗಿಂತ ಬಿಚ್ಚಿ ತೋರಿಸುತ್ತದೆ. ಗಿಟಾರಿನ ಕುದುರೆಯನ್ನು ಕಾರ್ಖಾನೆಯಲ್ಲೇ ಅಂಟಿಸಿರುತ್ತಾರೆ. ಇದರದ್ದನ್ನು ಸಾಗಣೆಯಲ್ಲಿ ತೊಗಲಿಗೆ ಪೆಟ್ಟಾಗದಿರಲೆಂದು ಹಲವು ಸಲ ಮಲಗಿಸಿಯೇ ಕಳಿಸುತ್ತಾರೆ. ಪೆಟ್ಟಿಗೆ ಬಿಚ್ಚಿದವರೇ ಅದನ್ನು ಎತ್ತಿ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು? ನಟ್‌ನಿಂದ ಹನ್ನೆರಡನೆಯ ಮೆಟ್ಟಿಗೆ ಎಷ್ಟು ದೂರವೋ ಅಲ್ಲಿಂದ ಕುದುರೆಗೂ ಅಷ್ಟೇ ದೂರ, ಜೊತೆಗೆ ಕೂದಲೆಳೆಯಷ್ಟು ಹೆಚ್ಚು. ತಂತಿಯ ಉದ್ದ 346 ಮಿಲಿಮೀಟರ್ ಎಂದಿಟ್ಟುಕೊಂಡರೆ ಹನ್ನೆರಡನೆಯ ಮೆಟ್ಟು ಸರಿಯಾಗಿ 173ರಲ್ಲಿರಬೇಕು. ಕುದುರೆ ಮೂರೇ ಮೂರು ಮಿಲಿಮೀಟರ್ ಕುತ್ತಿಗೆಯ ಕಡೆಗೆ ಸರಿದು ನಿಂತರೂ ಆ ಮೆಟ್ಟಿನ ಸ್ವರ ಸುಮಾರು 15 ಸೆಂಟ್ ಮೇಲಕ್ಕೇರುತ್ತದೆ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ ಇದು ಅಪಸ್ವರವೇ.

ಕುದುರೆಯ ತಪ್ಪನ್ನು ಬೆರಳಿನಿಂದ ದಬ್ಬಿ ಸರಿಪಡಿಸಬಹುದು. ಮೆಟ್ಟಿನ ತಪ್ಪು ಹಾಗಲ್ಲ. ಮೆಟ್ಟುಗಳನ್ನು ಎಲ್ಲಿ ಕೂರಿಸಬೇಕೆಂಬುದು ಶತಮಾನಗಳ ಗಣಿತ. ಗೆಲಿಲಿಯೊನ ತಂದೆ ವಿನ್ಸೆಂಜೊ ಗೆಲಿಲಿ 1581ರಲ್ಲಿ ಲ್ಯೂಟ್ ವಾದ್ಯಕ್ಕೆ ಹದಿನೆಂಟರ ಲೆಕ್ಕ ಕೊಟ್ಟ: ಉಳಿದ ತಂತಿಯ ಉದ್ದದಲ್ಲಿ ಹದಿನೆಂಟನೆಯ ಒಂದು ಪಾಲು ಬಿಟ್ಟು ಮೊದಲ ಮೆಟ್ಟು, ಮತ್ತೆ ಉಳಿದದ್ದರಲ್ಲಿ ಹದಿನೆಂಟನೆಯ ಒಂದು ಪಾಲು ಬಿಟ್ಟು ಎರಡನೆಯದು. ಇಂದು ಆ ಹದಿನೆಂಟನ್ನು 17.817 ಎಂದು ತಿದ್ದಿ ಬಳಸುತ್ತಾರೆ. ಗಿಡ್ಡ ವಾದ್ಯಕ್ಕೆ ಈ ಗಣಿತ ತುಂಬ ಕಟ್ಟುನಿಟ್ಟು. ಹನ್ನೆರಡನೆಯ ಮೆಟ್ಟು ಒಂದು ಮಿಲಿಮೀಟರ್ ತಪ್ಪಿದರೆ 650 ಮಿಲಿಮೀಟರ್ ತಂತಿಯ ಗಿಟಾರಿನಲ್ಲಿ ಸುಮಾರು ಐದು ಸೆಂಟ್ ವ್ಯತ್ಯಾಸ; ಈ ಪುಟ್ಟ ವಾದ್ಯದಲ್ಲಿ ಹತ್ತು. ಸಣ್ಣದು, ಆಟಿಕೆಯಂಥದ್ದು, ಹೇಗಿದ್ದರೂ ನಡೆಯುತ್ತದೆ ಎಂಬ ಭಾವನೆ ತಿರುಗುಮುರುಗು. ಸಣ್ಣದಾದಷ್ಟೂ ಅದಕ್ಕೆ ಹೆಚ್ಚು ನಿಖರತೆ ಬೇಕು.

ಮೆನೊನ ಬಲೆಯಿಂದ ಹೊರಬರುವ ಕಂಡಿಯೂ ಇಲ್ಲಿಯೇ ಕಾಣುತ್ತದೆ. ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳ ತುದಿಯಿಂದ ಬರಿದೇ ಸೋಕಿಸಿ ಮೀಟಿ ಕೈ ತೆಗೆದರೆ ಗಂಟೆಯಂಥ ತೆಳು ಸ್ವರವೊಂದು ಹೊಮ್ಮುತ್ತದೆ. ಅದು ಹಾರ್ಮೋನಿಕ್. ಆಮೇಲೆ ಅದೇ ಜಾಗದಲ್ಲಿ ತಂತಿಯನ್ನು ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವೇ? ಅಷ್ಟೇ ಪ್ರಶ್ನೆ. ಕುದುರೆಯನ್ನು ಹಿಂದೆ ಮುಂದೆ ಸರಿಸುತ್ತ ಎರಡನ್ನೂ ಒಂದು ಮಾಡಲು ಸಾಧ್ಯವಾದರೆ, ಆಮೇಲೆ ಐದನೆಯ ಮೆಟ್ಟು, ಏಳನೆಯ ಮೆಟ್ಟುಗಳನ್ನು ಶ್ರುತಿಯಂತ್ರಕ್ಕೋ ಮೊಬೈಲಿನ ಟ್ಯೂನರ್ ಆ್ಯಪಿಗೋ ಹಿಡಿದು ನೋಡಬಹುದು. ಇದಕ್ಕೆ ರಾಗಜ್ಞಾನ ಬೇಡ, ವರ್ಷಗಳ ಸಾಧನೆ ಬೇಡ. ಎರಡು ದನಿ ಒಂದೇ ಆಗಿವೆಯೋ ಬೇರೆಯೋ ಎಂದು ಹೇಳುವ ಕಿವಿ ಎಷ್ಟೋ ಮಕ್ಕಳಿಗೂ ಇರುತ್ತದೆ. ‘ಮೆನೊ’ದಲ್ಲಿ ಸಾಕ್ರೆಟೀಸ್ ಮಾಡಿದ್ದೂ ಇಂಥದೇ ಕೆಲಸ. ಗುಲಾಮ ಹುಡುಗನೊಬ್ಬನನ್ನು ಕರೆದು, ನೆಲದ ಮೇಲೆ ಚೌಕ ಗೀಚಿ, ಅದರ ಎರಡರಷ್ಟು ಕ್ಷೇತ್ರದ ಚೌಕವನ್ನು ಅವನ ಬಾಯಿಂದಲೇ ಹೊರಡಿಸಿದ. ಹುಡುಗನಿಗೆ ರೇಖಾಗಣಿತ ಗೊತ್ತಿರಲಿಲ್ಲ. ಇದು ಅದಕ್ಕಿಂತ ದೊಡ್ಡದು, ಇದು ಚಿಕ್ಕದು ಎಂದು ಹೇಳಲು ಗೊತ್ತಿತ್ತು. ಅಷ್ಟರಿಂದಲೇ ಶುರುವಾಯಿತು.

ಪರೀಕ್ಷೆಗಳು ಇನ್ನೂ ಇವೆ. ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿದರೆ ತಿರುಚಿದ್ದು ಗೊತ್ತಾಗುತ್ತದೆ. ಬಳೆಯನ್ನು ಹಿಡಿದು ಕುತ್ತಿಗೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಕೀಲು ಸಡಿಲವಿದ್ದದ್ದು ಗೊತ್ತಾಗುತ್ತದೆ. ಮೂರನೆಯ ಮೆಟ್ಟಿಗೆ ತಂತಿ ಒತ್ತಿ ಮೊದಲ ಮೆಟ್ಟಿನ ಮೇಲಿನ ಸಂದನ್ನು ನೋಡಬೇಕು, ಅದು ತೆಳು ಕಾಗದದಷ್ಟಿದ್ದರೆ ನಟ್ ಸರಿಯಿದೆ. ಅಂಗೈ ಅಂಚನ್ನು ಮೆಟ್ಟುಗಳ ತುದಿಗೆ ಸವರಿದರೆ ಗೀರಬಾರದು.

ಇವುಗಳಲ್ಲಿ ಕೆಲವು ದೋಷಗಳು, ಕೆಲವು ಬರೀ ಅಪೂರ್ಣತೆಗಳು. ಈ ಎರಡನ್ನು ಬೇರೆ ಮಾಡಿಕೊಳ್ಳುವುದೇ ತೀರ್ಪಿನ ಅರ್ಧ ಕೆಲಸ. ತಪ್ಪಿದ ಮೆಟ್ಟು, ತಿರುಚಿದ ಕುತ್ತಿಗೆ ವಾದ್ಯದ ಹುಟ್ಟಿಗೇ ಅಂಟಿದ ದೋಷ. ವಾಪಸು ಕೊಡುವುದೇ ಸರಿ. ಎತ್ತರದ ನಟ್, ತಪ್ಪಾದ ಕುದುರೆ, ಕಳಪೆ ತಂತಿ, ಸಡಿಲ ತೊಗಲು ಇವೆಲ್ಲ ಯಾರೋ ಮುಗಿಸದೆ ಬಿಟ್ಟ ಕೆಲಸ. ದೋಷವನ್ನು ಅಪೂರ್ಣತೆ ಎಂದುಕೊಂಡರೆ ವರ್ಷಗಟ್ಟಲೆ ವ್ಯರ್ಥ ಹೆಣಗಾಟ. ಅಪೂರ್ಣತೆಯನ್ನು ದೋಷ ಎಂದುಕೊಂಡರೆ ಒಂದು ಸಂಜೆಯ ಕೆಲಸದಿಂದ ಹಾಡಬಹುದಾಗಿದ್ದ ವಾದ್ಯ ಅಟ್ಟ ಸೇರುತ್ತದೆ. ಮನುಷ್ಯರ ಬಗ್ಗೆ ಕೊಡುವ ತೀರ್ಪುಗಳಲ್ಲೂ ಈ ಅದಲುಬದಲು ನಡೆಯುತ್ತಲೇ ಇರುತ್ತದೆ.

ಸಡಿಲ ತೊಗಲನ್ನೇ ನೋಡಬಹುದು. ಪುಟ್ಟ ಪಾನದಂಥ ಸಾಧನದಿಂದ ಕೊಕ್ಕೆಗಳ ನಟ್ಟುಗಳನ್ನು ಒಂದೊಂದಾಗಿ ಬಿಗಿಯಬೇಕು. ಒಂದೇ ಕಡೆಯಿಂದ ಸಾಲಾಗಿ ಅಲ್ಲ, ಒಂದನ್ನು ಬಿಗಿದ ಮೇಲೆ ಅದರ ಎದುರಿನದು, ಪ್ರತಿಸಲ ಕಾಲು ಸುತ್ತು. ನಡುನಡುವೆ ಪ್ರತಿ ಕೊಕ್ಕೆಯ ಬಳಿ ಬೆರಳಿಂದ ತಟ್ಟಿ ಕೇಳಬೇಕು. ಶುರುವಿನಲ್ಲಿ ರಟ್ಟಿನ ಡಬ್ಬಿ ತಟ್ಟಿದಂತೆ ‘ಡಬ್’ ಎನ್ನುವುದು ಬರಬರುತ್ತ ಸುತ್ತಲೂ ಒಂದೇ ಎತ್ತರದ ‘ಟಣ್’ ಆಗುತ್ತದೆ. ಕುದುರೆಯ ಕೆಳಗೆ ಕುಸಿದಿದ್ದ ಹಾಳೆ ನೆಟ್ಟಗಾಗುತ್ತದೆ. ಮೃದಂಗಕ್ಕೆ ಗಟ್ಟ ತಟ್ಟಿ ಶ್ರುತಿ ಸೇರಿಸುವವರನ್ನು ಹತ್ತಿರದಿಂದ ನೋಡಿದವರಿಗೆ ಈ ಕೆಲಸದ ತಾಳ್ಮೆ ಪರಿಚಿತ. ಬಿಗಿಯುತ್ತಾ ಹೋದರೆ ಒಂದು ಹಂತ ದಾಟಿದ ಮೇಲೆ ನಾದ ಒಣಗುತ್ತದೆ, ತಗಡಿನಂತೆ ಗೀರುತ್ತದೆ. ಕರುವಿನ ತೊಗಲಾದರೆ ಹರಿದೇ ಹೋಗಬಹುದು. ಬುದ್ಧನ ಶಿಷ್ಯ ಸೋಣ ಮೊದಲು ವೈಣಿಕನಾಗಿದ್ದ. ಪಾದ ಒಡೆದು ರಕ್ತ ಬರುವಷ್ಟು ಕಠಿಣ ಸಾಧನೆ ಮಾಡಿಯೂ ಫಲ ಕಾಣದೆ ಹತಾಶನಾದಾಗ ಬುದ್ಧ ಅವನನ್ನು ಕೇಳಿದ್ದು ವೀಣೆಯ ತಂತಿಯ ಬಗ್ಗೆ: ತೀರ ಬಿಗಿಯಾದರೆ ನುಡಿಯುತ್ತಿತ್ತೇ, ತೀರ ಸಡಿಲವಾದರೆ? ಈ ಪ್ರಶ್ನೆಯನ್ನು ನಡುದಾರಿಯ ಉಪದೇಶವೆಂದು ಎಲ್ಲರೂ ನೆನೆಯುತ್ತಾರೆ. ಆದರೆ ಅದರ ಬೆಲೆ ಇರುವುದು ಕೇಳಿಸಿಕೊಂಡವನಲ್ಲಿ. ಹದ ಎಲ್ಲಿದೆ ಎಂದು ಸೋಣನ ಕಿವಿಗೆ ಆಗಲೇ ಗೊತ್ತಿತ್ತು. ಅಳತೆಗೋಲು ಹಿಡಿದು ಹದ ಹೇಳಿಕೊಡಲು ಬರುವುದಿಲ್ಲ, ತಟ್ಟಿ ಕೇಳುತ್ತಲೇ ಬರಬೇಕು.

ಹಾಗಾದರೆ ಎಲ್ಲವೂ ಕಿವಿಯ ವಿಷಯ, ಬೆಲೆಯ ಮಾತು ಬರೀ ಭ್ರಮೆ ಎನ್ನಬಹುದೇ? ಹಾಗೆನ್ನುವವರ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿಯಿದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಹೋಟೆಲ್ ಕೋಣೆಯೊಂದರಲ್ಲಿ ಸಂಶೋಧಕಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಜೊತೆಗಾರರು 21 ಮಂದಿ ನುರಿತ ಪಿಟೀಲುವಾದಕರಿಗೆ ವಾದ್ಯವನ್ನು ಗುರುತಿಸಲಾಗದಂಥ ಕನ್ನಡಕ ತೊಡಿಸಿ ಆರು ಪಿಟೀಲು ಕೊಟ್ಟರು. ಮೂರು ಹೊಸವು. ಉಳಿದ ಮೂರು ಹಳೆಯವು, ಹೆಸರಾಂತ ಕುಶಲಕರ್ಮಿಗಳ ಕೈಯವು: ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. ಹಳೆ ಮರದ ವಾಸನೆ ಗುಟ್ಟು ಬಿಡದಿರಲೆಂದು ಗದ್ದದ ಪಟ್ಟಿಗೆ ಸುಗಂಧವನ್ನೂ ಸವರಿದ್ದರು. ಹಳೆಯ ಮೂರರ ಒಟ್ಟು ಬೆಲೆ ಹೊಸ ಮೂರರದ್ದಕ್ಕಿಂತ ಸುಮಾರು 100 ಪಟ್ಟು. ವಾದಕರು ಹೆಚ್ಚು ಮೆಚ್ಚಿದ್ದು ಹೊಸದೊಂದನ್ನು, ಎಲ್ಲಕ್ಕಿಂತ ಕಡಿಮೆ ಮೆಚ್ಚಿದ್ದು ಒಂದು ಸ್ಟ್ರಾಡಿವೇರಿಯಸ್ಸನ್ನು.

ಈ ಪ್ರಯೋಗ ಹೆಸರಿನ ಮೋಹವನ್ನು ಮುರಿಯುತ್ತದೆ, ಅದು ಒಳ್ಳೆಯದೇ. ಆದರೆ ಆ ಆರೂ ಪಿಟೀಲುಗಳು ಚೆನ್ನಾಗಿ ಮಾಡಿದವು, ಚೆನ್ನಾಗಿ ಸಜ್ಜುಗೊಳಿಸಿದವು. ಒಳ್ಳೆಯದರಲ್ಲಿ ಯಾವುದು ಇನ್ನೂ ಒಳ್ಳೆಯದು ಎಂಬಲ್ಲಿ ರುಚಿ ಮಾತಾಡುತ್ತದೆ. ತಪ್ಪಿದ ಮೆಟ್ಟಿನ ಎದುರು ರುಚಿಗೆ ಕೆಲಸವಿಲ್ಲ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಮಾನದಂಡದ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ ‘ಡಾನ್ ಕಿಹೋಟೆ’ಯ ಸ್ಯಾಂಕೊ ಪಾಂಜಾ ಹೇಳುವ ಪ್ರಸಂಗವೊಂದನ್ನು ಎತ್ತಿಕೊಂಡ. ಸ್ಯಾಂಕೊನ ಇಬ್ಬರು ನೆಂಟರು ಒಂದು ಪೀಪಾಯಿಯ ದ್ರಾಕ್ಷಾರಸದ ರುಚಿ ನೋಡುತ್ತಾರೆ. ಚೆನ್ನಾಗಿದೆ, ಆದರೆ ಚರ್ಮದ ವಾಸನೆ ಎನ್ನುತ್ತಾನೆ ಒಬ್ಬ. ಅಲ್ಲ, ಕಬ್ಬಿಣದ ರುಚಿ ಎನ್ನುತ್ತಾನೆ ಇನ್ನೊಬ್ಬ. ಸುತ್ತಲಿನವರು ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಬೀಗದ ಕೈ ಸಿಗುತ್ತದೆ. ಮೊದಲ ಎಫ್ ಕಾರ್ಡಿನಲ್ಲೇ ಮುಖ ಕಿವುಚಿದ ಕಲಿಯುವವಳ ಸ್ಥಿತಿ ಆ ನೆಂಟರದ್ದೇ. ತಳದಲ್ಲಿ ಬೀಗದ ಕೈ ಇದೆ. ಅವಳ ಕಿವಿ ಸರಿಯಾಗಿಯೇ ಕೇಳಿದೆ, ಅದಕ್ಕೆ ಒತ್ತಾಸೆ ಕೊಡುವ ಬಲ್ಲವರು ಮಾತ್ರ ಹತ್ತಿರದಲ್ಲಿಲ್ಲ.

ಒತ್ತಾಸೆಯಿಲ್ಲದೆ ಕಿವಿಯನ್ನು ನಂಬಬಹುದೇ? ಜ್ಞಾನ ತಾನಾಗಿಯೇ ಪ್ರಮಾಣವೋ, ಬೇರೊಂದರಿಂದ ಪ್ರಮಾಣವಾಗುವುದೋ ಎಂದು ಭಾರತೀಯ ದರ್ಶನಗಳಲ್ಲಿ ಮೀಮಾಂಸಕರೂ ನೈಯಾಯಿಕರೂ ಶತಮಾನಗಟ್ಟಲೆ ವಾದಿಸಿದರು. ಬಾಧಕವಾದದ್ದು ಎದುರಾಗುವವರೆಗೆ ಕಂಡದ್ದನ್ನು ನಂಬು ಎನ್ನುವುದು ಮೀಮಾಂಸಕರ ನಿಲುವು. ಅದರಂತೆ ನಡೆದು ಫಲ ಸಿಕ್ಕಾಗ ತಾನೆ ಅದು ನಿಜವೆಂದು ತಿಳಿಯುವುದು ಎನ್ನುತ್ತಾರೆ ನೈಯಾಯಿಕರು. ನೀರು ಕಂಡೆ ಎಂಬುದು ದಾಹ ತೀರಿದಾಗ ಖಚಿತ. ವಾದ್ಯ ಕೊಳ್ಳುವವರಿಗೆ ಎರಡನೆಯದು ಇಷ್ಟವಾಗಬಹುದು, ಆದರೆ ಕೈಗೆಟುಕುವುದಿಲ್ಲ. ಫಲ ತಿಳಿಯಲು ತಿಂಗಳುಗಳು ಬೇಕು, ವಾಪಸು ಕೊಡಲು ಇರುವುದು ಕೆಲವೇ ದಿನ. ಆದ್ದರಿಂದಲೇ ಮೊದಲ ವಾರದಲ್ಲಿ ತನ್ನ ಕಿವಿಯನ್ನು ನಂಬುವ ಧೈರ್ಯ ಬೇಕು.

ಅರಿಸ್ಟಾಟಲನ ಒಂದು ಮಾತನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳುವುದು ಕಷ್ಟ. ‘ಪಾಲಿಟಿಕ್ಸ್’ನ ಮೂರನೆಯ ಭಾಗದಲ್ಲಿ ಅವನು ಕೇಳುತ್ತಾನೆ: ಒಳ್ಳೆಯ ಔಲೋಸ್‌ಗಳನ್ನು ಹಂಚುವಾಗ ಯಾರಿಗೆ ಕೊಡಬೇಕು? ಕುಲವಂತರಿಗಲ್ಲ, ರೂಪವಂತರಿಗಲ್ಲ, ಚೆನ್ನಾಗಿ ಊದಬಲ್ಲವರಿಗೆ. ಕುಲವನ್ನು ಬದಿಗಿಟ್ಟದ್ದು ದೊಡ್ಡದೇ. ಆದರೆ ಕಲಿಯುವವರ ಮಾತೇ ಅಲ್ಲಿಲ್ಲ. ನುರಿತವರು ಕೆಟ್ಟ ವಾದ್ಯದಿಂದಲೂ ಕೆಲಸ ತೆಗೆಯಬಲ್ಲರು. ತಂತಿಯನ್ನು ತುಸು ಎಳೆದು, ತಪ್ಪುವ ಮೆಟ್ಟನ್ನು ತಪ್ಪಿಸಿ, ಕಾರ್ಡನ್ನು ಬೇರೆ ಜಾಗದಲ್ಲಿ ಹಿಡಿದು ಪಾರಾಗುತ್ತಾರೆ. ಕಲಿಯುವವರಿಗೆ ಆ ಉಪಾಯಗಳೊಂದೂ ಗೊತ್ತಿಲ್ಲ. ತಮ್ಮ ಬೆರಳು ಮಾಡಿದ್ದನ್ನು ಇದ್ದ ಹಾಗೆ ಹೇಳುವ ವಾದ್ಯ ಬೇಕಾದದ್ದು ಅವರಿಗೇ. ಮರ ಯಾವುದಾದರೂ ಆಗಲಿ, ಹೊಳಪು ಇಲ್ಲದಿರಲಿ, ನಾದ ತುಸು ಬಡವಾಗಿರಲಿ. ಮೆಟ್ಟು ಸುಳ್ಳು ಹೇಳಬಾರದು. ಅಗ್ಗದ ವಾದ್ಯವನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ಇದು, ನಾದದ ಸೊಗಸು ಎರಡನೆಯದು. ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಬಲ್ಲವರೊಬ್ಬರು ನುಡಿಸಿ ತೋರಿಸುತ್ತಾರೆ, ಅವರ ಕೈಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಇದರಲ್ಲಿ ಮಾರುವವರ ಹೊಣೆಯೂ ಇದೆ. ಹಲವು ಅಗ್ಗದ ವಾದ್ಯಗಳು ಒಂದೇ ಬಗೆಯ ಕಾರ್ಖಾನೆಗಳಿಂದ ಹೊರಟು ಬೇರೆ ಬೇರೆ ಹೆಸರು ಹೊತ್ತು ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಎಷ್ಟೋ ಸಲ ಮಾರುವ ಮೊದಲು ಅಂಗಡಿಯವರೊಬ್ಬರು ಅದಕ್ಕಾಗಿ ಕೂತ ಒಂದು ಗಂಟೆ. ಆ ಗಂಟೆಯಲ್ಲಿ ನಟ್ ಉಜ್ಜಿ, ತೊಗಲು ಬಿಗಿದು, ಕುದುರೆ ನಿಲ್ಲಿಸಿ ಕೊಡುವ ಅಂಗಡಿ ತುಸು ಹೆಚ್ಚು ದುಡ್ಡು ಕೇಳಿದರೂ ಕೊಡುವುದು ನ್ಯಾಯ. ಕಣ್ಣಿಗೆ ಕಾಣುವುದಿಲ್ಲ, ಚಿತ್ರದಲ್ಲಿ ಬೀಳುವುದಿಲ್ಲ, ಆದರೂ ಬುದ್ಧನ ಪಟ್ಟಿಯ ಕೊನೆಯ ಭಾಗಕ್ಕೆ ಕೊಟ್ಟ ಬೆಲೆ ಅದು.

ವೀಣೆಯ ಆ ಪಟ್ಟಿಯಲ್ಲಿ ತೊಗಲೂ ಇತ್ತು ಎಂಬುದು ಇಂದಿನ ಸರಸ್ವತಿ ವೀಣೆ ನೋಡಿದವರಿಗೆ ಸೋಜಿಗವೆನಿಸಬಹುದು. ಐತರೇಯ ಆರಣ್ಯಕದಲ್ಲೂ ಅದರ ಮಾತು ಬರುತ್ತದೆ. ದೇಹವೇ ದೈವೀ ವೀಣೆ, ಮರದ್ದು ಅದನ್ನು ನೋಡಿ ಮಾಡಿದ ಮಾನುಷೀ ವೀಣೆ. ದೇಹಕ್ಕೆ ಚರ್ಮ ಹೊದ್ದಂತೆ ಹಿಂದೆ ವೀಣೆಗೂ ರೋಮವಿರುವ ತೊಗಲು ಹೊದಿಸುತ್ತಿದ್ದರು ಎಂದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ತನ್ನ ಮೈಯನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮನನ್ನು ಬೇಡಿದ. ಅವನೂ ಭಾಗಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ, ಆದರೆ ರಾಜನಂತೆ ಬಿಡಿಸಲು ಅಲ್ಲ, ಜೋಡಿಸಿ ಒಪ್ಪಿಸಲು.

1950ರ ದಶಕದ ಕೊನೆಯಲ್ಲಿ ಪಾಲಿಯೆಸ್ಟರ್ ಹಾಳೆ ಬಂದ ಮೇಲೆ ಬ್ಯಾಂಜೊ ಯುಕುಲೆಲೆಯಲ್ಲಿ ಕರುವಿನ ತೊಗಲು ಹಿಂದೆ ಸರಿಯಿತು. ಹಾಳೆ ಮಳೆಗಾಲದಲ್ಲಿ ಸಡಿಲವಾಗುವುದಿಲ್ಲ, ಒಣಹವೆಯಲ್ಲಿ ಬಿರಿಯುವುದಿಲ್ಲ, ಯಾವ ಪ್ರಾಣಿಯ ಜೀವವನ್ನೂ ಕೇಳುವುದಿಲ್ಲ. ಕಲಿಯುವವರಿಗೆ ಅದೇ ವಾಸಿ. ಆದರೂ 1920ರ ದಶಕದ ಹಳೆಯ ಬ್ಯಾಂಜೊ ಯುಕುಲೆಲೆ ಎಲ್ಲಾದರೂ ಸಿಕ್ಕಿ, ಅದರ ಮೂಲ ತೊಗಲು ಇನ್ನೂ ಉಳಿದಿದ್ದರೆ, ಬೆಳಕಿಗೆ ಹಿಡಿದು ನೋಡಬೇಕು. ಅಂಚಿನ ಬಳಿ ಕೈಯ ಜಿಡ್ಡಿಗೆ ಕಂದಾದ ಕಲೆ ಇರುತ್ತದೆ, ಬೆರಳು ಒರಸಿಕೊಂಡು ಹೋದ ದಾರಿ ಅದು. ಅದರ ಕೆಳಗೆ ಕುದುರೆಯ ಕಾಲುಗಳು ಒತ್ತಿದ ಗುರುತುಗಳಿರುತ್ತವೆ. ಅವು ಹಲವು ಕಡೆ ಹರಡಿದ್ದರೆ ಆ ವಾದ್ಯ ಯಾರ ಕೈಯಲ್ಲೂ ನೆಲೆ ಕಂಡಿರಲಿಲ್ಲ ಎಂದು ಊಹಿಸಬಹುದು. ಒಂದೇ ಜಾಗದಲ್ಲಿ ಆಳವಾಗಿ ಇಳಿದಿದ್ದರೆ ಯಾರೋ ಆ ಜಾಗವನ್ನು ಕಿವಿಗೊಟ್ಟು ಹುಡುಕಿ, ತಂತಿ ಬದಲಿಸಿದಾಗಲೆಲ್ಲ ಕುದುರೆಯನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದ್ದಾರೆ. ಹೊಸದಾಗಿ ಕೊಂಡವರು ತಮ್ಮ ಕುದುರೆಯನ್ನೂ ಮೊದಲು ಅಲ್ಲಿಯೇ ಇಟ್ಟು ನೋಡುತ್ತಾರೆ.